ಮನೆ ಒಲೆಗೆ ಬ್ರಿಕೆಟ್: ಲೆಕ್ಕ ಕೂಡಿಬರುತ್ತದೆಯೇ?

"ಯಜಮಾನ್ರೇ, ಹಿಪ್ಪುನೇರಳೆ ಕಡ್ಡಿ ಕೊಡ್ತೀರಾ? ದುಡ್ಡಿನ ಬದಲು ಬ್ರಿಕೆಟ್ಟೇ ಕೊಡ್ತೀವಿ, ಮನೆ ಒಲೆಗೆ ಆಗುತ್ತೆ." ಹೋದ ಬೇಸಿಗೆಯಲ್ಲಿ ಒಬ್ಬರು ತೋಟಕ್ಕೆ ಬಂದು ಕೇಳಿದರು. ಕಸದಿಂದ ರಸ ಅಂದರೆ ಯಾರಿಗೆ ಬೇಡ? ಆದರೂ ಹೂಂ ಅನ್ನುವ ಮೊದಲು ಪೆನ್ನು ಹಿಡಿದು ಕೂತೆ.

ಬ್ರಿಕೆಟ್ ಅಂದರೆ ಒಣ ಕಸವನ್ನು ಪುಡಿ ಮಾಡಿ ಭಾರೀ ಒತ್ತಡದಲ್ಲಿ ಒತ್ತಿ ತೆಗೆದ ಗಟ್ಟಿ ತುಂಡು. ಬೇರೆ ಅಂಟು ಹಾಕುವುದಿಲ್ಲ. ಒತ್ತುವಾಗ ಹುಟ್ಟುವ ಶಾಖಕ್ಕೆ ಗಿಡದಲ್ಲೇ ಇರುವ ಲಿಗ್ನಿನ್ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ಕಸದ ತೇವ ಶೇ. 10-12 ದಾಟಿದರೆ ತುಂಡು ಸರಿಯಾಗಿ ಕಟ್ಟುವುದಿಲ್ಲ. ಸಡಿಲ ಕಡ್ಡಿ ತುಂಬಿದ ಲಾರಿ ಗೋಪುರದ ಹಾಗೆ ಕಂಡರೂ ತೂಕ ಇರುವುದಿಲ್ಲ. ಒತ್ತಿದ ಮೇಲೆ ಅದೇ ಲಾರಿಯಲ್ಲಿ ಹಲವು ಪಟ್ಟು ಮಾಲು ಹೋಗುತ್ತದೆ. ಬ್ರಿಕೆಟ್ಟಿನ ಮುಖ್ಯ ಲಾಭ ಇದೇ, ಸಾಗಣೆ. ಶಾಖ ಅಂಥಾದ್ದೇನೂ ಹೆಚ್ಚಾಗುವುದಿಲ್ಲ. ಚೆನ್ನಾಗಿ ಒಣಗಿದ ಕಡ್ಡಿಯಾಗಲಿ ಬ್ರಿಕೆಟ್ಟಾಗಲಿ, ಕಿಲೋಗೆ 3500-4000 ಕಿಲೋಕ್ಯಾಲರಿ.

ನಮ್ಮ ಮನೆಯಲ್ಲಿ ಕಡ್ಡಿ ರಾಶಿಗೂ ಒಲೆಗೂ ಐವತ್ತು ಹೆಜ್ಜೆ. ಸಾಗಣೆ ಉಳಿಸಿ ನಾನೇನು ಮಾಡಲಿ? ಲಾರಿ ಬಾಡಿಗೆ, ಕರೆಂಟು, ಮಿಷನ್ನಿನವರ ಲಾಭ ಎಲ್ಲ ತೆತ್ತು ಅದೇ ಕಡ್ಡಿಯನ್ನು ವಾಪಸ್ ತರುವುದು, ಮನೆ ರಾಗಿ ಮಾರಿ ಅಂಗಡಿ ಹಿಟ್ಟು ತಂದ ಹಾಗೆ. ನಮ್ಮವಳು ಸ್ಯಾಂಪಲ್ ನೋಡಿ ಒಂದೇ ಮಾತಿನಲ್ಲಿ ಮುಗಿಸಿದಳು: "ಈ ದಪ್ಪ ತುಂಡು ಹತ್ತಿಸೋಕೆ ಮೊದ್ಲು ಕಡ್ಡಿ ಬೇಕಲ್ರೀ. ಆ ಕಡ್ಡಿನೇ ಉರಿಸಬಾರದಾ?"

ಕಡ್ಡಿ ಇಲ್ಲದವರು ಕೊಂಡರೆ ಹೇಗೆ? ಗ್ಯಾಸಿನ ಜೊತೆ ಹೋಲಿಸಿ. ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸು, ಕಿಲೋಗೆ ಸುಮಾರು 11,000 ಕಿಲೋಕ್ಯಾಲರಿ. ಶೇ. 60 ಪಾತ್ರೆಗೆ ತಗುಲಿದರೂ 94,000 ಆಯಿತು. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಗುಲುವುದು ಶೇ. 10ರ ಆಸುಪಾಸು. ಅಂದರೆ ಅಷ್ಟೇ ಅಡುಗೆಗೆ ಸುಮಾರು 245 ಕಿಲೋ ಬ್ರಿಕೆಟ್ ಬೇಕು. ಕಿಲೋಗೆ 8 ರೂಪಾಯಿ ಅಂತ ಹಿಡಿದರೂ 1960 ರೂಪಾಯಿ! ಶೇ. 25 ಕೊಡುವ ಸುಧಾರಿತ ಒಲೆಯಾದರೆ 100 ಕಿಲೋ, 800 ರೂಪಾಯಿ. ಸಿಲಿಂಡರ್ ದರವೂ ಎಂಟು ನೂರು ದಾಟಿದೆ ಅನ್ನಿ. ಆದರೆ ಗ್ಯಾಸಿಗೆ ಹೊಗೆಯಿಲ್ಲ, ಬೂದಿ ಎತ್ತುವ ಕೆಲಸವಿಲ್ಲ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯ ಮನೆಗಳಿಗೆ ಸಬ್ಸಿಡಿ ಬೇರೆ ಇದೆ. 2023ರ ಅಕ್ಟೋಬರಿನಲ್ಲಿ ಅದನ್ನು 300 ರೂಪಾಯಿಗೆ ಏರಿಸಿದರು.

ಹಾಗಾಗಿ ದುಡ್ಡು ಹಾಕುವುದಾದರೆ ಒಲೆಗೆ ಹಾಕಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ, ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯ ಒಲೆ ನಮ್ಮ ಹಳ್ಳಿಗಳಿಗೆ ಹೊಸತೇನಲ್ಲ. ಒಲೆ ಸರಿಯಾದರೆ ಸೌದೆ ಅರ್ಧಕ್ಕಿಂತ ಕಮ್ಮಿ ಸಾಕು. ಬಚ್ಚಲ ಹಂಡೆಗಂತೂ ತೆಂಗಿನ ಗರಿ, ಮಟ್ಟೆ ಇದ್ದೇ ಇದೆ.

ಬ್ರಿಕೆಟ್ಟೇ ಬೇಡ ಅನ್ನುವವನಲ್ಲ ನಾನು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಬಾಯ್ಲರಿಗೆ, ರಾಮನಗರದಲ್ಲಿ ಗೂಡು ಬೇಯಿಸುವ ರೀಲರುಗಳಿಗೆ ದಿನವೂ ಒಂದೇ ಸಮನೆ ಉರಿ ಬೇಕು, ಸೌದೆ ದೂರದಿಂದ ಬರಬೇಕು. ಗಿರಾಕಿಗಳು ಅವರು. ಕೊಂಬೆ ಪದ್ಧತಿಯಲ್ಲಿ ಹುಳು ಸಾಕುವ ನಾವು ಮಾಲು ಒದಗಿಸುವವರು. ಮಿಕ್ಕ ಕಡ್ಡಿಗೆ ಟನ್ನಿನ ಲೆಕ್ಕದಲ್ಲಿ, ನಮ್ಮೆದುರೇ ತೂಗಿ ದುಡ್ಡು ಕೊಡಲಿ. ರಾಗಿ ಹುಲ್ಲನ್ನು ಮಾತ್ರ ಯಾರು ಕೇಳಿದರೂ ಕೊಡಬೇಡಿ, ಅದು ಹಸುವಿನ ಪಾಲು.

ಬಂದವರಿಗೆ ಇಷ್ಟನ್ನೇ ಹೇಳಿ, ಟನ್ನಿಗೆ ಎಷ್ಟು ಕೊಡ್ತೀರಿ ಅಂತ ಕೇಳಿದೆ. ಮಾಲೀಕರನ್ನು ಕೇಳಿಕೊಂಡು ಬರುತ್ತೇನೆಂದು ಹೋದವರು ಇನ್ನೂ ಬಂದಿಲ್ಲ.