ಆರು ತಿಂಗಳಲ್ಲಿ ನರ್ಸ್ ಆಗೋದಿಲ್ಲ. ಆ ಜಾಹೀರಾತು ತಂದವನು ನಾನೇ

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾ ದಾಟಿ, ಹೆದ್ದಾರಿ ಹಿಡಿದು ಹುಮನಾಬಾದಿಗೆ ಹೋಗಿ ನೋಡಿ. ಕರೆಂಟ್ ಕಂಬಗಳ ಮೇಲೆ ಒಂದೇ ಮಾತು ಮತ್ತೆ ಮತ್ತೆ ಕಾಣುತ್ತದೆ: ‘ಆರು ತಿಂಗಳಲ್ಲಿ ನರ್ಸಿಂಗ್. ನೌಕರಿ ಗ್ಯಾರಂಟಿ. ಎಸ್ಸೆಸ್ಸೆಲ್ಸಿ ಪಾಸ್/ಫೇಲ್.’ ಕೆಳಗೆ ದಪ್ಪ ಅಕ್ಷರದಲ್ಲಿ ಮೊಬೈಲ್ ನಂಬರ್. ಮಾನ್ಯತೆ ಕೊಟ್ಟವರು ಯಾರು ಅನ್ನೋದು ಮಾತ್ರ ಎಲ್ಲೂ ಇರೋದಿಲ್ಲ.

ಇದು ಸುಳ್ಳು. ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಆದರೆ ಬೇರೆಯವರನ್ನು ಬೈಯುವ ಮೊದಲು ನನ್ನ ಪಾಲಿನದನ್ನು ಹೇಳಿಬಿಡುತ್ತೇನೆ.

ನಾನು ಬಿಡಿ ವರದಿಗಾರ. ನಮ್ಮಂಥವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಅಂತ ಇಲ್ಲಿ ಬರೆಯುವವರಿಗೂ ಓದುವವರಿಗೂ ಗೊತ್ತು. ಸುದ್ದಿಗೆ ಸಿಗೋದು ಪುಡಿಗಾಸು, ಜಾಹೀರಾತಿಗೆ ಕಮಿಷನ್. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಸಂಸ್ಥೆಯ ಕಾಲು ಪುಟದ ಜಾಹೀರಾತನ್ನು ನಾನೇ ತಂದು ಪತ್ರಿಕೆಗೆ ಕೊಟ್ಟೆ. ಮಾನ್ಯತೆ ಇದೆಯಾ ಅಂತ ಕೇಳಲಿಲ್ಲ. ಕೇಳಿದ್ದರೆ ಜಾಹೀರಾತು ಹೋಗುತ್ತಿತ್ತು.

ಅದನ್ನು ನೋಡಿ ನಮ್ಮ ಓಣಿಯ ಒಬ್ಬ ಹುಡುಗಿ ಸೇರಿದಳು. ಕಲಾ ವಿಭಾಗದಲ್ಲಿ ಪಿಯುಸಿ ಪಾಸಾಗಿದ್ದಳು. ಅವಳ ತಾಯಿ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಫೀಸು ಕಟ್ಟಿದರು. ಆರು ತಿಂಗಳಾದ ಮೇಲೆ ಬಂಗಾರದ ಅಂಚಿನ ಸರ್ಟಿಫಿಕೇಟ್ ಬಂತು. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾತ್ರ ಆಗಲಿಲ್ಲ, ಆಗುವುದೂ ಸಾಧ್ಯವಿರಲಿಲ್ಲ. ಈಗ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದಾಳೆ. ರೋಗಿಗಳು ಸಿಸ್ಟರ್ ಅಂತಲೇ ಕರೆಯುತ್ತಾರೆ, ಸಂಬಳ ಆಯಾದು. ರಾತ್ರಿ ಪಾಳಿಯಲ್ಲಿ ಸಲೈನ್ ಹಚ್ಚುವುದು, ಇಂಜೆಕ್ಷನ್ ಕೊಡುವುದು ಎಲ್ಲ ಅವಳದೇ ಕೆಲಸ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ತಪ್ಪೂ ಅವಳದೇ.

ಹೋದ ವರ್ಷ ಸಿಕ್ಕಾಗ ಒಂದೇ ಮಾತು ಕೇಳಿದಳು: ‘ಅಣ್ಣಾ, ನಿಮ್ಮ ಪೇಪರ್‌ದಾಗೇ ಬಂದಿತ್ತಲ್ಲ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾದರೆ ನರ್ಸ್ ಆಗಲು ಎಷ್ಟು ಸಮಯ ಬೇಕು? ಇದು ಗುಟ್ಟೇನಲ್ಲ. ಎಎನ್‌ಎಂಗೆ ಎರಡು ವರ್ಷ. ಮೊದಲು ಹದಿನೆಂಟು ತಿಂಗಳಿತ್ತು, ಆಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಸೇರಿತು. ಜಿಎನ್‌ಎಂ ಮೊದಲು ಮೂರೂವರೆ ವರ್ಷವಿತ್ತು, ಈಗ ಮೂರು. ಇವೆರಡಕ್ಕೂ ಪಿಯುಸಿ ಪಾಸಾಗಿರಬೇಕು, ಆದರೆ ಸೈನ್ಸ್ ಆಗಿರಲೇಬೇಕು ಅಂತಿಲ್ಲ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಅದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು. ಜಿಎನ್‌ಎಂ ಮಾಡಿದವರು ಮುಂದೆ ಎರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿಎಸ್ಸಿ ಪಡೆಯಬಹುದು. ಭಾರತದಲ್ಲಿ ನರ್ಸ್ ಆಗುವ ದಾರಿಗಳು ಇವೇ. ಎಎನ್‌ಎಂನಲ್ಲಿ ಬರೀ ಇಂಟರ್ನ್‌ಶಿಪ್‌ಗೇ ಆರು ತಿಂಗಳು. ಕಂಬದ ಮೇಲಿನ ಬೋರ್ಡು ಅದೇ ಆರು ತಿಂಗಳಲ್ಲಿ ಇಡೀ ಓದನ್ನೇ ಮುಗಿಸುತ್ತದೆ.

ಅಂಥ ಒಂದು ಸಂಸ್ಥೆಯ ಮಾಲೀಕರನ್ನು ಕೇಳಿದೆ. ‘ಅಮೆರಿಕದಾಗೇ ಒಂದ್ ವರ್ಷದಾಗ ನರ್ಸ್ ಮಾಡ್ತಾರ್ರೀ’ ಅಂದರು. ಅರ್ಧ ನಿಜ. ಅಲ್ಲಿ ಪ್ರಾಕ್ಟಿಕಲ್ ನರ್ಸ್ ಅಂತ ಒಂದು ದರ್ಜೆ ಇದೆ, ತರಬೇತಿ ಸುಮಾರು ಒಂದು ವರ್ಷ. ಆದರೆ ಆ ತರಬೇತಿ ಸರಕಾರದ ಮಂಜೂರಾತಿ ಪಡೆದಿರಬೇಕು, ಮುಗಿದ ಮೇಲೆ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು, ಕೆಲಸವೂ ರಿಜಿಸ್ಟರ್ಡ್ ನರ್ಸ್ ಅಥವಾ ಡಾಕ್ಟರ ಮೇಲ್ವಿಚಾರಣೆಯಲ್ಲೇ. ಮಾಲೀಕರು ಒಂದು ವರ್ಷವನ್ನು ಹೇಳಿದರು, ಪರೀಕ್ಷೆಯನ್ನು ಬಿಟ್ಟರು.

ನಮ್ಮಲ್ಲೂ ಕಡಿಮೆ ಅವಧಿಯ ಪ್ರಾಮಾಣಿಕ ತರಬೇತಿಗಳಿವೆ. ಕೌಶಲ ಯೋಜನೆಗಳಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತ ಕಲಿಸುತ್ತಾರೆ. ರೋಗಿಯನ್ನು ಎಬ್ಬಿಸಿ ಕೂರಿಸುವುದು, ಸ್ನಾನ, ಊಟ, ಹಾಸಿಗೆ ನೋಡಿಕೊಳ್ಳುವುದು. ಒಳ್ಳೆಯ ಕೆಲಸ, ಅದಕ್ಕೆ ಜನ ಬೇಕು. ಆದರೆ ಅದನ್ನು ಅದರ ಹೆಸರಿನಲ್ಲೇ ಮಾರಿ. ಸಹಾಯಕಿಯ ತರಬೇತಿಗೆ ನರ್ಸ್ ಅಂತ ಬೋರ್ಡು ಹಾಕಿ ದುಡ್ಡು ಎತ್ತುವುದು ಮೋಸ.

ಇಷ್ಟಾದರೂ ಜನ ಯಾಕೆ ಸೇರುತ್ತಾರೆ? ಬಡತನ, ಅಜ್ಞಾನ ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ಈ ಬೋರ್ಡು ಬರೆದವನಿಗೆ ನಮ್ಮ ಮನೆಗಳ ಲೆಕ್ಕ ಚೆನ್ನಾಗಿ ಗೊತ್ತು. ಪಿಯುಸಿ ಮುಗಿಯುವ ಹೊತ್ತಿಗೆ ಹುಡುಗಿಗೆ ಹದಿನೆಂಟು. ಅಷ್ಟರಲ್ಲೇ ಗಂಡು ನೋಡುವ ಮಾತು ಶುರುವಾಗಿರುತ್ತದೆ. ಮೂರು ವರ್ಷ ಅಂದರೆ ‘ಅಲ್ಲೀತನ ಯಾರ್ ಕಾಯ್ತಾರ?’ ಅನ್ನುತ್ತಾರೆ. ಆರು ತಿಂಗಳಾದರೆ ಫಲಿತಾಂಶಕ್ಕೂ ಮದುವೆಗೂ ನಡುವೆ ಹಿಡಿಸುತ್ತದೆ. ಆತ ಮಾರುತ್ತಿರುವುದು ಓದನ್ನಲ್ಲ, ಆ ಪುರುಸೊತ್ತನ್ನು.

ಅದಕ್ಕೇ ಇನ್ನೊಂದು ಕಡೆಯವರನ್ನೂ ಕೇಳಬೇಕು. ಮಾನ್ಯತೆ ಇರುವ ಕೋರ್ಸು ಮೂರು ವರ್ಷ ಅಂದರೆ ಮೂರೇ ವರ್ಷಕ್ಕೆ ಮುಗಿಯುತ್ತದಾ? ಪ್ರವೇಶ ತಡ, ಪರೀಕ್ಷೆ ತಡ, ಫಲಿತಾಂಶ ತಡ. ಕೋವಿಡ್ ಕಾಲದಲ್ಲಂತೂ ಪರೀಕ್ಷೆಗಳು ಮುಂದಕ್ಕೆ ಹೋಗುತ್ತಲೇ ಇದ್ದವು. ಪರೀಕ್ಷೆ ಯಾವಾಗ ಅಂತ ಗೊತ್ತಿಲ್ಲದೆ ಹಾಸ್ಟೆಲ್ ಬಿಟ್ಟು ಮನೆಯಲ್ಲಿ ಕೂತ ಹುಡುಗಿಯರನ್ನು ನಾನು ನೋಡಿದ್ದೇನೆ. ಹಾಗೆ ಕೂತ ಒಂದೊಂದು ತಿಂಗಳೂ ಓದು ಬಿಡಿಸಿ ಮದುವೆ ಮಾಡಲು ಮನೆಯವರಿಗೆ ಸಿಕ್ಕ ನೆಪ. ಮೂರು ವರ್ಷವನ್ನು ನಾಲ್ಕು ಮಾಡುವವರು ಆರು ತಿಂಗಳ ಅಂಗಡಿಗೆ ಗಿರಾಕಿ ಕಳಿಸುತ್ತಿದ್ದಾರೆ.

ಅವಧಿ ಬರೀ ಕ್ಯಾಲೆಂಡರಿನ ಮಾತೂ ಅಲ್ಲ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಅನ್ನುವುದು ನರ್ಸಿಂಗ್ ಶಿಕ್ಷಣದ ಅಳತೆ. ನಲವತ್ತು ಮಂದಿಯ ಒಂದು ಬ್ಯಾಚಿಗೆ 120 ರೋಗಿಗಳು ಬೇಕು. ತಾಲ್ಲೂಕು ಆಸ್ಪತ್ರೆಯ ಮಾಮೂಲು ಅಳತೆ 100 ಹಾಸಿಗೆ. ಹಾಗಾಗಿ ಮೂರು ವರ್ಷದ ಕಾಲೇಜಿನಲ್ಲೂ ಮಗಳು ವಾರ್ಡಿನಲ್ಲಿ ಎಷ್ಟು ದಿನ ಇರುತ್ತಾಳೆ ಅಂತ ಕೇಳಿ. ಹೆರಿಗೆ ಮಾಡಿಸುವುದು ಗೊಂಬೆಯ ಮೇಲಷ್ಟೇ ಕಲಿತರೆ ಬರುವುದಿಲ್ಲ. ಕಾಯಕದ ಮಾತು ಹುಟ್ಟಿದ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕಳೆದುಹೋಗುವುದು ಫೀಸು ಮಾತ್ರವಲ್ಲ. 371(ಜೆ) ಬಂದಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸರಕಾರಿ ಹುದ್ದೆಗಳಲ್ಲಿ ಮೀಸಲಾತಿ ಇದೆ. ಆದರೆ ನರ್ಸ್ ಹುದ್ದೆಗೆ ಅರ್ಜಿ ಹಾಕಲು ನೋಂದಣಿ ಬೇಕು. ಅದಿಲ್ಲದ ಹುಡುಗಿಗೆ 371(ಜೆ) ಪ್ರಮಾಣಪತ್ರ ಕೈಯಲ್ಲಿದ್ದೂ ಉಪಯೋಗವಿಲ್ಲ.

ಈ ಜೂನ್‌ನಲ್ಲಿ ಫೀಸು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಮುಗಿಸಿದವರಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಿಗುತ್ತದಾ? ಪರೀಕ್ಷೆ ನಡೆಸುವವರು ಯಾರು? ವಾರ್ಡಿನ ತರಬೇತಿ ಯಾವ ಆಸ್ಪತ್ರೆಯಲ್ಲಿ? ಬಾಯಿಮಾತು ಬೇಡ, ಕಾಗದದಲ್ಲಿ ಬರೆದುಕೊಡಲಿ.

ತಾಲ್ಲೂಕು ಆರೋಗ್ಯಾಧಿಕಾರಿಗಳೂ ತಹಶೀಲ್ದಾರರೂ ಓಡಾಡುವುದು ಇದೇ ರಸ್ತೆಯಲ್ಲಿ. ಆ ನಂಬರುಗಳಿಗೆ ಒಂದು ಫೋನ್ ಹಚ್ಚಿ ದಾಖಲೆ ತರಿಸಲಿ. ಪರೀಕ್ಷೆ ನಡೆಸುವವರು ಪ್ರವೇಶದ ದಿನವೇ ಕೊನೆಯ ಪರೀಕ್ಷೆಯ ತಿಂಗಳನ್ನೂ ಪ್ರಕಟಿಸಿ, ಅದಕ್ಕೆ ಬದ್ಧರಾಗಲಿ.

ಇನ್ನು ನಮ್ಮ ಪಾಲಿನದು. ನಾನು ಇಂಥ ಜಾಹೀರಾತು ತರುವುದನ್ನು ನಿಲ್ಲಿಸಿದ್ದೇನೆ. ಈ ವರ್ಷವೂ ಒಬ್ಬರು ಫೋನ್ ಮಾಡಿದ್ದರು. ನೋಂದಣಿಯ ಕಾಗದ ಕೇಳಿದೆ, ಮತ್ತೆ ಫೋನ್ ಬರಲಿಲ್ಲ. ಅದೇ ಜಾಹೀರಾತು ಮರುವಾರ ಇನ್ನೊಂದು ಪತ್ರಿಕೆಯಲ್ಲಿತ್ತು. ತಂದವನೂ ನಮ್ಮಂಥವನೇ, ಬಹುಶಃ ಇದನ್ನು ಓದುತ್ತಿರುತ್ತಾನೆ. ತಮ್ಮಾ, ಮುಂದಿನ ಸಲ ಆ ಕಾಗದ ನೀನೂ ಕೇಳು.