ಗುಡ್ಡದ ಓಟಕ್ಕೆ ಹೊರಟ ಡಾಕ್ಟರಿಗೆ

ಮಲೆನಾಡಿನ ಕಾಫಿ ತೋಟಗಳ ನಡುವೆ, ಬಯಲುಸೀಮೆಯ ಬೆಟ್ಟಗಳ ಮೇಲೆ ಈಗ ದೂರದ ಓಟಗಳು, ಸಾಹಸ ಸ್ಪರ್ಧೆಗಳು ನಡೆಯುತ್ತಿವೆ. ಐವತ್ತು, ನೂರು ಕಿಲೋಮೀಟರ್ ಓಡುವವರಿಗೆ ದಾರಿಯುದ್ದಕ್ಕೂ ವೈದ್ಯಕೀಯ ನೆರವು ಬೇಕಲ್ಲ? ಅದಕ್ಕಾಗಿ ಸಂಘಟಕರು ಕಿರಿಯ ವೈದ್ಯರನ್ನೂ ಮೆಡಿಕಲ್, ನರ್ಸಿಂಗ್ ವಿದ್ಯಾರ್ಥಿಗಳನ್ನೂ ಕರೆಯುವುದುಂಟು. ಒಂದು ಟೀ ಷರ್ಟು, ಊಟ, ಒಂದು ಪ್ರಮಾಣಪತ್ರ. ಮಕ್ಕಳು ಖುಷಿಯಿಂದ ಹೊರಡುತ್ತಾರೆ. ಹೊರಡಲಿ, ಒಳ್ಳೆಯ ಅನುಭವವೇ. ಆದರೆ ಕಾನೂನಿನ ಕೆಲವು ಸಂಗತಿಗಳನ್ನು ತಂದೆತಾಯಿಗಳೂ ತಿಳಿದಿರುವುದು ಒಳ್ಳೆಯದು.

ದುಡ್ಡು ಮುಟ್ಟದೆ ಮಾಡುವ ಸೇವೆಗೆ ಕೇಸು ಎಲ್ಲಿಂದ ಬಂತು ಎನ್ನುವವರಿದ್ದಾರೆ. ಇದು ಅರ್ಧ ನಿಜ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೀಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬಾರದೆಂದು ಸುಪ್ರೀಂ ಕೋರ್ಟು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಆದರೆ ಸಿವಿಲ್ ಕೋರ್ಟು, ಪೊಲೀಸ್ ಠಾಣೆ, ವೈದ್ಯಕೀಯ ಪರಿಷತ್ತು ಇವುಗಳ ಬಾಗಿಲು ತೆರೆದೇ ಇದೆ. ಓಟಗಾರ ಕಟ್ಟಿದ ಪ್ರವೇಶ ಶುಲ್ಕದಲ್ಲಿ ಚಿಕಿತ್ಸೆಯ ವೆಚ್ಚವೂ ಸೇರಿತ್ತೆಂದು ವಕೀಲರು ವಾದಿಸಿದರೂ ಆಶ್ಚರ್ಯಪಡಬೇಕಿಲ್ಲ.

ಇನ್ನು ಕೆಲವರು ಆಪದ್ಬಾಂಧವರಿಗೆ ರಕ್ಷಣೆ ಕೊಡುವ ಕಾನೂನನ್ನು ನಂಬಿಕೊಂಡಿರುತ್ತಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ವಾಹನ ಅಪಘಾತಕ್ಕೆ ಸಂಬಂಧಿಸಿದ್ದು, ಬೆಟ್ಟದಲ್ಲಿ ಕುಸಿದ ಓಟಗಾರನ ಸಂಗತಿಗಲ್ಲ. ಅಲ್ಲದೆ ದಾರಿಹೋಕನಾಗಿ ನೆರವಾಗುವುದು ಬೇರೆ, 'ವೈದ್ಯಕೀಯ ತಂಡ' ಎಂದು ಬರೆದ ಅಂಗಿ ತೊಟ್ಟು ಕೂರುವುದು ಬೇರೆ. ಅಂಗಿ ತೊಟ್ಟವರನ್ನು ನಂಬಿಯೇ ಆತ ಓಡುತ್ತಿರುತ್ತಾನೆ.

ಪ್ರಜ್ಞೆ ತಪ್ಪಿದವನ ಒಳಿತಿಗಾಗಿ, ಒಪ್ಪಿಗೆ ಕೇಳಲಾಗದ ಹೊತ್ತಿನಲ್ಲಿ, ಸದ್ಭಾವನೆಯಿಂದ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ರಕ್ಷಣೆ ಕೊಡುತ್ತದೆ. ಆದರೆ ತಕ್ಕ ಎಚ್ಚರಿಕೆಯಿಲ್ಲದೆ ಮಾಡಿದ್ದನ್ನು ಕಾನೂನು ಸದ್ಭಾವನೆ ಎನ್ನುವುದಿಲ್ಲ. ಹತ್ತು ಗಂಟೆ ಓಡಿದವನೊಬ್ಬ ತೂರಾಡುತ್ತಾ ಬಂದ ಎನ್ನಿ. ನೀರು ಸಾಲದೆ ಹೀಗಾಗಿದೆ ಎಂದುಕೊಂಡು ಇನ್ನಷ್ಟು ನೀರು ಕುಡಿಸಬೇಕೆನಿಸುತ್ತದೆ. ಅವನೋ ದಾರಿಯುದ್ದಕ್ಕೂ ಬರೀ ನೀರನ್ನೇ ಅತಿಯಾಗಿ ಕುಡಿದು, ರಕ್ತದಲ್ಲಿ ಸೋಡಿಯಂ ಇಳಿದಿದ್ದರೆ? ಮತ್ತೆ ನೀರು ಕುಡಿಸಿದರೆ ಮೆದುಳು ಊದಿಕೊಂಡು ಪ್ರಾಣಕ್ಕೇ ಅಪಾಯ. ಬಿಸಿಲಿನ ಆಘಾತವಾಗಿದ್ದರೆ ಮೊದಲು ಮೈ ತಣಿಸಬೇಕು, ಸಾಗಿಸುವುದು ಆಮೇಲೆ. ಇವೆಲ್ಲ ಹೊರನೋಟಕ್ಕೆ ಒಂದೇ ಥರ ಕಾಣಬಹುದು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ, ವೈದ್ಯನ ನಿರ್ಲಕ್ಷ್ಯ ಅಪರಾಧ ಎನಿಸಬೇಕಾದರೆ ಅದು ಬಹಳ ಘೋರವಾಗಿರಬೇಕು. ಪ್ರಾಮಾಣಿಕ ವೈದ್ಯರಿಗೆ ಇದು ಧೈರ್ಯ ಕೊಡುವ ಮಾತು.

ವಿದ್ಯಾರ್ಥಿಗಳ ಪಾಡು ಬೇರೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಜೈಲು. ಚಿಕಿತ್ಸೆ ನಡೆಸುತ್ತಿದ್ದ ನೋಂದಾಯಿತ ವೈದ್ಯರಿಗೆ ಮಾತ್ರ ಅದು ಎರಡು ವರ್ಷಕ್ಕೆ ಇಳಿಯುತ್ತದೆ. ಎರಡನೇ ವರ್ಷದ ಎಂಬಿಬಿಎಸ್ ಹುಡುಗಿಗೆ ಆ ರಿಯಾಯಿತಿ ಇಲ್ಲ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಂಟರ್ನ್‌ಗಳ ತಾತ್ಕಾಲಿಕ ನೋಂದಣಿ ತರಬೇತಿಯ ಆಸ್ಪತ್ರೆಗೆಂದೇ ಕೊಟ್ಟದ್ದು. ಆದ್ದರಿಂದ ಗಾಯಕ್ಕೆ ಪಟ್ಟಿ ಕಟ್ಟಲಿ, ಉಸಿರು ನಿಂತವನ ಎದೆ ಒತ್ತಲಿ, ಹಿರಿಯ ವೈದ್ಯರನ್ನು ಕೂಗಿ ಕರೆಯಲಿ. ಸೂಜಿ, ಡ್ರಿಪ್ ಮಾತ್ರ ಬೇಡ.

ಚೀನಾದ ಗಾನ್ಸು ಪ್ರಾಂತದಲ್ಲಿ 2021ರ ಮೇ 22ರಂದು ನೂರು ಕಿಲೋಮೀಟರ್ ಬೆಟ್ಟದ ಓಟದ ನಡುವೆ ಚಳಿಗಾಳಿ, ಆಲಿಕಲ್ಲು ಎರಗಿ 21 ಓಟಗಾರರು ಸತ್ತರು. ಹವೆ ಕೆಟ್ಟಾಗ ಓಟ ನಿಲ್ಲಿಸುವವರು ಯಾರು, ಓಡಲಾರದವನನ್ನು ಹಿಂದಕ್ಕೆ ಕರೆಸುವ ಅಧಿಕಾರ ವೈದ್ಯರಿಗಿದೆಯೇ, ಆಂಬುಲೆನ್ಸು ಎಲ್ಲಿಯವರೆಗೆ ಬರುತ್ತದೆ, ಮುಖ್ಯ ವೈದ್ಯರು ಯಾರು? ಇವುಗಳಿಗೆ ಸಂಘಟಕರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಬೇಡವೆಂದರೂ ಕೇಳದೆ ಓಟಗಾರ ಮುಂದೆ ಹೊರಟರೆ, ಹೊತ್ತು ಬರೆದು, ಅವನ ಸಹಿಯನ್ನೂ ಸಾಕ್ಷಿಯೊಬ್ಬರ ಸಹಿಯನ್ನೂ ಹಾಕಿಸಿಕೊಳ್ಳಬೇಕು. ಈಗಾಗಲೇ ವೈದ್ಯರಾಗಿರುವವರು ತಮ್ಮ ವೃತ್ತಿ ವಿಮೆಯ ಪಾಲಿಸಿಯನ್ನು ಬಿಚ್ಚಿ ಓದಲಿ. ಆಸ್ಪತ್ರೆಯ ಗೋಡೆಯಾಚೆ, ಸಂಬಳವಿಲ್ಲದೆ ಮಾಡಿದ ಕೆಲಸಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಕಂಪನಿಯನ್ನು ಕೇಳಿ, ಉತ್ತರವನ್ನು ಕಾಗದದಲ್ಲೇ ತರಿಸಿಕೊಳ್ಳಲಿ.