ಆಟದ ಅಂಗಳಕ್ಕೊಂದು ಸೂರು

ಸುಗ್ಗಿ ಮುಗಿದ ಗದ್ದೆಯೇ ಕರಾವಳಿಯ ಮೊದಲ ಕ್ರೀಡಾಂಗಣ. ಹಗಲಿನಲ್ಲಿ ಅಲ್ಲಿ ಕಬಡ್ಡಿ, ವಾಲಿಬಾಲ್. ರಾತ್ರಿಯಾದರೆ ಅದೇ ನೆಲದ ಮೇಲೆ ಯಕ್ಷಗಾನದ ರಂಗಸ್ಥಳ. ಪೇಟೆಗಳಲ್ಲಿ ಈ ಕೆಲಸ ಕುಮಟೆಯ ಮಣಕಿ ಮೈದಾನದಂಥ ಬಯಲುಗಳದು. ಒಂದೇ ನೆಲ ಹಲವು ಕೆಲಸಗಳಿಗೆ ಒದಗಬೇಕೆಂಬ ತಿಳಿವು ಈ ಸೀಮೆಯವರಿಗೆ ಹೊಸತಲ್ಲ. ಆದರೆ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲೆಲ್ಲ ಕೆಸರು. ಶಾಲಾ ಕ್ರೀಡಾಕೂಟಗಳು ನಡೆಯುವುದೂ ಬಹುಮಟ್ಟಿಗೆ ಮಳೆ ಬಿಡದ ಆ ದಿನಗಳಲ್ಲೇ! ಅಭ್ಯಾಸವಿಲ್ಲದೆ ಸ್ಪರ್ಧೆಗಿಳಿಯುವ ಮಕ್ಕಳಿಂದ ಗೆಲವನ್ನು ನಿರೀಕ್ಷಿಸುವುದು ನ್ಯಾಯವೇ?

ಇದಕ್ಕೆ ಒಂದು ಉತ್ತರ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿದೆ. 1638ರಿಂದ 1659ರವರೆಗೆ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರ ಹೆಸರು ಅದರದು. ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಕೆಡವಿದರೆಂದು ಐತಿಹ್ಯವಿದೆ. ಆಟದ ಅಂಗಳಕ್ಕೆ ಒಪ್ಪುವ ಹೆಸರೇ ಸರಿ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಆ ಕ್ರೀಡಾಂಗಣ ಹೊಸ ರೂಪ ತಳೆಯಿತು. 2025ರ ಜುಲೈ 5ರಂದು ನೀರಜ್ ಚೋಪ್ರಾ 86.18 ಮೀಟರ್ ದೂರ ಭರ್ಜಿಯೆಸೆದು ಗೆದ್ದುದು ಅಲ್ಲಿಯೇ. ಅದಕ್ಕೆ ಹೊಂದಿಕೊಂಡ ಒಳಾಂಗಣದಲ್ಲಿ 2017ರಲ್ಲಿ ಏಷ್ಯಾದ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯಿತು, ಅದೂ ಮಳೆಗಾಲದ ಜುಲೈ ತಿಂಗಳಲ್ಲಿ. ಕರಾವಳಿ ಗಮನಿಸಬೇಕಾದುದು ಆ ಸೂರನ್ನು.

ಕಂಠೀರವದಿಂದ ಕಲಿಯಬೇಕಾದ ಇನ್ನೊಂದು ಮಾತೂ ಉಂಟು. 2006ರಲ್ಲಿ ಡಾ. ರಾಜ್‌ಕುಮಾರರ ಅಂತಿಮ ದರ್ಶನಕ್ಕೆ ಜನ ಸೇರಿದುದು ಅಲ್ಲಿ. 2023ರಲ್ಲಿ ರಾಜ್ಯದ ಮುಖ್ಯಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದುದೂ ಅಲ್ಲಿ. ನಾಡಿನ ದುಃಖಕ್ಕೂ ಸಂಭ್ರಮಕ್ಕೂ ವಿಶಾಲವಾದ ಎಡೆ ಬೇಕು, ನಿಜ. ಆದರೂ ಚಪ್ಪರ ಏರಿದಷ್ಟು ದಿನ ಓಟಗಾರನು ಹೊರಗೆ ನಿಲ್ಲಬೇಕಾಗುತ್ತದೆ. ಮೊದಲ ಹಕ್ಕು ಆಡುವವರದೆಂದು ಗೆರೆ ಎಳೆಯದಿದ್ದರೆ, ಎಲ್ಲರಿಗೂ ಸಲ್ಲುವ ಅಂಗಳ ಕಡೆಗೆ ಆಟಗಾರನಿಗೇ ಸಲ್ಲದೆ ಹೋಗುತ್ತದೆ.

ಮೂರು ಪೇಟೆಗಳ ನಡುವೆ ಇರುವುದು ಹೊನ್ನಾವರ. ಹೆದ್ದಾರಿಯೂ ರೈಲೂ ಅದನ್ನು ಉಳಿದೆರಡಕ್ಕೂ ಜೋಡಿಸಿವೆ. ಮೂರೂ ತಾಲ್ಲೂಕುಗಳ ಮಕ್ಕಳಿಗೆ ಸಾಮಾನ್ಯವಾದ ಒಳಾಂಗಣವೊಂದು ಅಲ್ಲಿದ್ದರೆ ಚೆನ್ನ. ಸಾವಿರಾರು ಆಸನಗಳ ಆಡಂಬರ ಬೇಡ; ಎತ್ತರದ ಸೂರು, ಎರಚಲು ತಡೆಯುವ ಗೋಡೆ, ಕಾಲು ಜಾರದ ನೆಲ, ಇಷ್ಟಿದ್ದರೆ ಸಾಕು. ಮಳೆಗಾಲದ ನಾಲ್ಕು ತಿಂಗಳು ಅದು ಮಕ್ಕಳ ಆಟಕ್ಕೆ ಮೀಸಲಾಗಿರಲಿ. ಸಭೆ ಸಮಾರಂಭಗಳಿಗೆ ಉಳಿದ ಎಂಟು ತಿಂಗಳಿವೆ, ಆಗ ಬಯಲೂ ಒಣಗಿರುತ್ತದೆ. ಶರಾವತಿಯ ನೆರೆ ದಂಡೆಯ ಮನೆಗಳಿಗೆ ನುಗ್ಗಿದ ದಿನ ಮಾತ್ರ ಈ ಕಟ್ಟಳೆ ಸಡಿಲಬೇಕು.